ಪುಟ್ಟ ಮಕ್ಕಳಿಗೆ ಹೊಡೆದಾಟದ ವಿಡಿಯೋ ಗೇಮ್ ಬೇಕೆ?

ಅಣ್ಣ ಮೊಬೈಲಿನಲ್ಲಿ ಶತ್ರುಗಳಿಗೆ ಗುಂಡು ಹಾರಿಸುತ್ತಿರುತ್ತಾನೆ. ನಾಲ್ಕು ವರ್ಷದ ತಮ್ಮ ಪಕ್ಕದಲ್ಲೇ ಎವೆಯಿಕ್ಕದೆ ಕೂತಿರುತ್ತಾನೆ. 'ಇವನೇನೂ ಆಡುವುದಿಲ್ಲ, ನೋಡುತ್ತಾನೆ ಅಷ್ಟೆ' ಎಂದು ನೀವು ಸುಮ್ಮನಾಗಿರಬಹುದು. ಆದರೆ ಎಳೆಯ ಮಕ್ಕಳು ಹೆಚ್ಚಿನದನ್ನು ಕಲಿಯುವುದು ನೋಡಿಯೇ.

ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1961ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಗಾಳಿ ತುಂಬಿದ ದೊಡ್ಡ ಬೊಂಬೆಯನ್ನು ವಯಸ್ಕರೊಬ್ಬರು ಬಡಿಯುವುದನ್ನು ಶಿಶುವಿಹಾರದ ಮಕ್ಕಳಿಗೆ ತೋರಿಸಲಾಯಿತು. ಬಳಿಕ ಆ ಬೊಂಬೆ ಸಿಕ್ಕಾಗ ಅನೇಕ ಮಕ್ಕಳು ಅದೇ ಬಗೆಯಲ್ಲಿ, ಅದೇ ಮಾತುಗಳನ್ನಾಡುತ್ತ ಬಡಿದವು. 1963ರಲ್ಲಿ ಚಲನಚಿತ್ರ ತೋರಿಸಿದಾಗಲೂ ಹಾಗೆಯೇ ಆಯಿತು. ಬೊಂಬೆಗೆ ಹೊಡೆದ ಮಗು ಪಕ್ಕದ ಮನೆಯ ಮಗುವಿಗೂ ಹೊಡೆಯುತ್ತದೆಯೇ? ಅದು ಬೇರೆ ಪ್ರಶ್ನೆ.

ವಿಡಿಯೋ ಗೇಮ್ ಬಗ್ಗೆ ತಜ್ಞರಲ್ಲೇ ಒಮ್ಮತವಿಲ್ಲ. ಕೂಗಾಟ, ತಳ್ಳಾಟದಂಥ ಒರಟುತನಕ್ಕೂ ಹಿಂಸೆಯ ಆಟಗಳಿಗೂ ಅಲ್ಪ ಸಂಬಂಧವಿದೆ. ಘೋರ ಕೃತ್ಯಗಳಿಗೆ ಆಟವೇ ಕಾರಣವೆನ್ನಲು ಸಾಕಷ್ಟು ಪುರಾವೆಯಿಲ್ಲ ಎಂದು ಅಮೆರಿಕದ ಮನೋವಿಜ್ಞಾನ ಸಂಘ 2020ರಲ್ಲಿ ಹೇಳಿತು. ಆದ್ದರಿಂದ ಗೇಮ್ ಆಡಿದ ಹುಡುಗ ರೌಡಿಯಾಗುತ್ತಾನೆಂದು ಗಾಬರಿ ಬೇಡ. ಆದರೆ ಇಂಥ ಅಧ್ಯಯನಗಳಲ್ಲಿ ಬಹುಪಾಲು ಹದಿಹರೆಯದವರು, ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದಂಥವು. ಐದು ವರ್ಷದ ಮಗುವಿಗೆ ನಿಜ ಯಾವುದು, ಕಲ್ಪನೆ ಯಾವುದು ಎಂಬುದು ಇನ್ನೂ ಪೂರ್ತಿ ಸ್ಪಷ್ಟವಿರುವುದಿಲ್ಲ. ಲಗೋರಿಯಲ್ಲೂ ಚೆಂಡಿನಿಂದ ಹೊಡೆಯುತ್ತಾರಲ್ಲ ಎನ್ನಬಹುದು. ಅಲ್ಲಿ ಪೆಟ್ಟು ಬಿದ್ದವನು ಅತ್ತರೆ ಆಟ ನಿಲ್ಲುತ್ತದೆ. ಮೊಬೈಲಿನಲ್ಲಿ ಅಳುವವರಿಲ್ಲ, ಹೊಡೆದವನಿಗೆ ಅಂಕ, ಸತ್ತವನು ಮರುಕ್ಷಣ ಹಾಜರು.

ಗೇಮ್ ಹಾಕಿಕೊಳ್ಳುವ ಮೊದಲು ಅದರ ವಯೋಮಿತಿ ನೋಡಿ. ಪ್ಲೇ ಸ್ಟೋರ್‌ನಲ್ಲಿ 3+, 7+, 12+, 16+, 18+ ಎಂದು ನಮೂದಿಸಿರುತ್ತಾರೆ. ಅದು ಆಟ ಎಷ್ಟು ಕಷ್ಟ ಎಂಬುದರ ಲೆಕ್ಕವಲ್ಲ, ಅದರೊಳಗೆ ಏನಿದೆ ಎಂಬುದರ ಸೂಚನೆ. ಹಿರಿಯ ಮಗ ಅಂಥ ಆಟವಾಡುವುದಾದರೆ ಕಿರಿಯವನು ಮಲಗಿದ ಮೇಲೆ ಆಡಲಿ. ಎರಡರಿಂದ ನಾಲ್ಕು ವರ್ಷದವರಿಗೆ ಟಿವಿ, ಮೊಬೈಲ್ ಎಲ್ಲ ಸೇರಿ ದಿನಕ್ಕೆ ಒಂದು ಗಂಟೆ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ, ಕಡಿಮೆಯಾದಷ್ಟೂ ಒಳ್ಳೆಯದು. ಮೊಬೈಲನ್ನು ಕಿತ್ತುಕೊಳ್ಳಬೇಡಿ. ಐದು ನಿಮಿಷ ಮೊದಲೇ ಹೇಳಿ, ಬೇರೇನಾದರೂ ಕೈಗೆ ಕೊಡಿ.

ರಾತ್ರಿ ಬೆಚ್ಚಿ ಏಳುವುದು, ಒಬ್ಬನೇ ಮಲಗಲು ಹೆದರುವುದು, ಇತರ ಮಕ್ಕಳನ್ನೋ ನಾಯಿ ಬೆಕ್ಕುಗಳನ್ನೋ ಪದೇ ಪದೇ ನೋಯಿಸುವುದು ಆಟ ನಿಲ್ಲಿಸಿದ ಕೆಲವು ವಾರಗಳ ನಂತರವೂ ಮುಂದುವರಿದರೆ ಮಕ್ಕಳ ತಜ್ಞರಿಗೆ ತೋರಿಸಿ. ಮನೆಯಲ್ಲಿ ಜಗಳವೇನಾದರೂ ನಡೆಯುತ್ತಿದ್ದರೆ ಅದನ್ನೂ ಅವರಿಗೆ ಮುಚ್ಚಿಡದೆ ಹೇಳಿ.