ಕೇಮನ್ ದ್ವೀಪಗಳಲ್ಲಿ ನೆಲೆಯ ಹಕ್ಕು

ಕ್ಯೂಬಾದ ದಕ್ಷಿಣಕ್ಕೆ, ಕೆರಿಬಿಯನ್ ಕಡಲಿನಲ್ಲಿ ಮೂರು ಚಿಕ್ಕ ದ್ವೀಪಗಳಿವೆ; ಇವೇ ಕೇಮನ್ ದ್ವೀಪಗಳು. 1962ರಲ್ಲಿ ಜಮೈಕಾ ಸ್ವತಂತ್ರವಾದಾಗ, ಅದುವರೆಗೆ ಅದಕ್ಕೆ ಅಧೀನವಾಗಿದ್ದ ಈ ದ್ವೀಪಗಳು ಬ್ರಿಟನ್ನಿನ ಆಡಳಿತದಲ್ಲಿಯೇ ಉಳಿಯಬಯಸಿದವು. ಗಂಡಸರು ಹೊಟ್ಟೆಪಾಡಿಗಾಗಿ ಪರದೇಶದ ಹಡಗುಗಳನ್ನೇರಿ ಹೋಗುತ್ತಿದ್ದ ನಾಡು ಅದು. ಅನಂತರ ಬ್ಯಾಂಕುಗಳು ಬಂದವು, ಪ್ರವಾಸಿಗಳು ಬಂದರು. ಆದಾಯ ತೆರಿಗೆಯೆಂಬುದೇ ಇಲ್ಲದ ಆ ನೆಲವನ್ನು ಅರಸಿ ನಾನಾ ದೇಶದವರು ಬಂದರು. 2021ರ ಜನಗಣತಿಯಲ್ಲಿ ಎಪ್ಪತ್ತು ಸಾವಿರವನ್ನು ಮೀರಿದ್ದ ಜನರಲ್ಲಿ ಸರಿಸುಮಾರು ಅರ್ಧದಷ್ಟು ಮಂದಿ ಹೊರಗಿನವರೇ ಆಗಿದ್ದರು.

ಇವರಲ್ಲಿ ಯಾರು ಉಳಿಯಬಹುದು, ಯಾರು ಹೊರಡಬೇಕು? ಉತ್ತರ ಬಹುಮಟ್ಟಿಗೆ ವರ್ಷಗಳ ಲೆಕ್ಕದಲ್ಲಿ ಅಡಗಿದೆ. 2004ರಲ್ಲಿ ಜಾರಿಗೆ ಬಂದ ಕಾನೂನನ್ನೇ ನೋಡೋಣ. ಎಂಟು ವರ್ಷ ವಾಸಿಸಿದವರು ಶಾಶ್ವತ ನಿವಾಸಕ್ಕೆ ಅರ್ಜಿ ಸಲ್ಲಿಸಬಹುದೆಂದು ಅದು ಹೇಳಿತು. ಅದೇ ಕಾನೂನು, ಕೆಲಸದ ಪರವಾನಗಿ ಸಾಮಾನ್ಯವಾಗಿ ಏಳು ವರ್ಷಕ್ಕೆ ಮುಗಿಯತಕ್ಕದ್ದೆಂದೂ ವಿಧಿಸಿತು! ಏಳಕ್ಕೂ ಎಂಟಕ್ಕೂ ನಡುವಿನ ಆ ಒಂದು ವರ್ಷವೇ ಬಾಗಿಲಿಗೆ ಹಾಕಿದ ಅಗುಳಿ. ಸಂಸ್ಥೆಗೆ ಅನಿವಾರ್ಯರೆಂದು ಮಾನ್ಯತೆ ಪಡೆದ ನೌಕರರಿಗೆ ಆಗ ವಿನಾಯಿತಿ ಇತ್ತು. ಹೋಟೆಲಿನ ಕೋಣೆ ಗುಡಿಸುವ ಹೆಂಗಸು ಅನಿವಾರ್ಯಳೆಂದು ಯಾರು ಬರೆದುಕೊಟ್ಟಾರು? 2013ರಲ್ಲಿ ಈ ಮಿತಿಯನ್ನು ಒಂಬತ್ತು ವರ್ಷಕ್ಕೆ ಏರಿಸಿದರು, ಅಗುಳಿ ಸಡಿಲವಾಯಿತು.

ಆದರೆ ಅರ್ಜಿ ಹಾಕಿದ ಮಾತ್ರಕ್ಕೆ ಹಕ್ಕು ದೊರೆಯದು. ಅಂದಿನ ನಿಯಮದಂತೆ 110 ಅಂಕಗಳನ್ನು ಗಳಿಸಬೇಕಿತ್ತು. ಉದ್ಯೋಗಕ್ಕೆ, ವಿದ್ಯೆಗೆ, ಉಳಿತಾಯಕ್ಕೆ, ಅಲ್ಲಿ ಕೊಂಡ ಆಸ್ತಿಗೆ, ಊರಿನ ಸೇವೆಗೆ ಇಂತಿಷ್ಟೆಂದು ಅಂಕ. ದ್ವೀಪದ ಚರಿತ್ರೆಯಲ್ಲಿ ಒಂದು ಪರೀಕ್ಷೆ ಬೇರೆ. ಅರ್ಜಿದಾರರ ದೇಶದವರು ಅಲ್ಲಿ ಈಗಾಗಲೇ ಬಹಳ ಮಂದಿ ಇದ್ದರೆ, ಅದಕ್ಕೂ ಅಂಕ ಕಡಿಮೆ. ತನ್ನ ನೆರೆಹೊರೆಯವರ ಸಂಖ್ಯೆಗೆ ತಾನು ದಂಡ ತೆರುವ ಈ ಏರ್ಪಾಡು ನನಗೆ ನ್ಯಾಯವೆಂದು ತೋರುವುದಿಲ್ಲ. ಹಾಗೆಂದು ತಮ್ಮ ಊರಿನಲ್ಲಿ ತಾವೇ ಅಲ್ಪಸಂಖ್ಯಾತರಾದೇವೆಂಬ ದ್ವೀಪವಾಸಿಗಳ ಅಳಲನ್ನು ಹುಸಿಯೆನ್ನಲೂ ಆಗದು. ಧನಿಕರಿಗೆ ಬೇರೆ ದಾರಿಯಿದೆ: ಸ್ಥಿರಾಸ್ತಿಯಲ್ಲಿ ಭಾರಿ ಮೊತ್ತ ಹೂಡಿದರೆ ಈ ಅಂಕಗಳ ಗೊಡವೆಯಿಲ್ಲ.

ಶಾಶ್ವತ ನಿವಾಸ ದೊರೆತ ಮೇಲೂ ಆತ ಕೇಮನ್‌ನವನಾಗುವುದಿಲ್ಲ. ಬ್ರಿಟಿಷ್ ಸಾಗರೋತ್ತರ ಪ್ರದೇಶದ ಪೌರತ್ವವನ್ನು ಪಡೆದು ಪಾಸ್‌ಪೋರ್ಟ್ ಕೈಯಲ್ಲಿ ಹಿಡಿದರೂ ಮತ ಹಾಕುವಂತಿಲ್ಲ. ಅದಕ್ಕೆ 'ಕೇಮನಿಯನ್' ಎನಿಸಿಕೊಳ್ಳುವ ಹಕ್ಕನ್ನು ಪ್ರತ್ಯೇಕವಾಗಿ ಬೇಡಬೇಕು. ಪರವಾನಗಿಯ ಮೇಲೆ ದುಡಿಯಲು ಬಂದ ದಂಪತಿಗಳಿಗೆ ಜಾರ್ಜ್‌ಟೌನಿನ ಆಸ್ಪತ್ರೆಯಲ್ಲಿ ಮಗು ಹುಟ್ಟಿತೆನ್ನಿ. ಅಲ್ಲಿ ಹುಟ್ಟಿದ ಕಾರಣಕ್ಕೆ ಅದು ಆ ನಾಡಿನದಾಗುವುದಿಲ್ಲ. ತಂದೆತಾಯಿಗಳ ಪರವಾನಗಿ ಮುಗಿದ ದಿನ, ಆ ಊರಲ್ಲದೆ ಬೇರೆ ಊರನ್ನೇ ಕಾಣದ ಆ ಮಗುವೂ ಅವರೊಡನೆ ವಿಮಾನ ಹತ್ತಬೇಕಾಗುತ್ತದೆ.