ಬಿಗಿಯುವ ಹೃದಯ, ಅದನ್ನಳೆಯುವ ಅಲೆ

ವಯನಾಡಿನ ಪಣಿಯ, ಅಡಿಯ, ಕುರಿಚ್ಯ, ಮುಳ್ಳುಕುರುಮ ಕುಟುಂಬಗಳಲ್ಲಿಯೂ ವಯನಾಡನ್ ಚೆಟ್ಟಿಯರಲ್ಲಿಯೂ ತಲೆಮಾರುಗಳಿಂದ ಹರಿದುಬಂದಿರುವ ಕಾಯಿಲೆ ಸಿಕಲ್ ಸೆಲ್ ಅನೀಮಿಯ. ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು 1952ರಲ್ಲಿಯೇ ಇದರ ಗುರುತನ್ನು ಕಂಡಿದ್ದರು. ಹಿಮೋಗ್ಲೋಬಿನ್‌ನ ಸರಪಳಿಯಲ್ಲಿ ಒಂದು ಅಮೈನೋ ಆಮ್ಲ ಬದಲಾದುದರಿಂದ ದುಂಡಗಿನ ರಕ್ತಕಣವು ಕುಡುಗೋಲಿನಂತೆ ಬಾಗಿ ಕಿರುನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಎಲುಬು ಕೀಲುಗಳ ನೋವು ಮನೆಮಂದಿಗೆ ತಿಳಿಯುತ್ತದೆ. ಹೃದಯಕ್ಕಾಗುವ ಹಾನಿ ತಿಳಿಯುವುದಿಲ್ಲ.

ರಕ್ತಹೀನತೆಯ ಕಾರಣ ಅಧಿಕವಾಗಿ ದುಡಿಯುವ ಹೃದಯದ ಸ್ನಾಯುವಿನಲ್ಲಿ ಕ್ರಮೇಣ ನಾರಿನಂಶ ಸೇರಿಕೊಳ್ಳಬಹುದು. ಆಗ ರಕ್ತವನ್ನು ತಳ್ಳುವ ಬಲ ಉಳಿದಿದ್ದರೂ ಸಡಿಲಗೊಂಡು ತುಂಬಿಕೊಳ್ಳುವ ಗುಣ ಕುಂದುತ್ತದೆ. ಶಾಲೆಯ ಮೆಟ್ಟಿಲೇರುವಾಗ ಏದುಸಿರು ಬಿಡುವ ಮಗುವನ್ನು ಸೋಮಾರಿ ಎನ್ನುವುದು ಸುಲಭ. ಅಮೆರಿಕದ ಸಿನ್ಸಿನಾಟಿಯ ವೈದ್ಯರು 2017ರಲ್ಲಿ ಎಂ.ಆರ್.ಐ. ಮೂಲಕ ಇಂತಹ ರೋಗಿಗಳ ಹೃದಯದಲ್ಲಿ ಹರಡಿದ ನಾರಿಗೂ ಈ ದೋಷಕ್ಕೂ ಇರುವ ನಂಟನ್ನು ತೋರಿಸಿದರು.

ಬಿಗಿತವನ್ನು ನೇರವಾಗಿ ಅಳೆಯಲು ರಕ್ತನಾಳದ ಮೂಲಕ ಹೃದಯಕ್ಕೆ ಕೊಳವೆ ಹಾಯಿಸಬೇಕು. ಮಗುವನ್ನು ಮತ್ತೆ ಮತ್ತೆ ಒಳಪಡಿಸುವಂತಹ ಪರೀಕ್ಷೆಯಲ್ಲ ಅದು. ಇದಕ್ಕೆ ಬದಲಿ ಎಂ.ಆರ್. ಎಲಾಸ್ಟೋಗ್ರಫಿ. ಎದೆಯ ಮೇಲಿಟ್ಟ ಸಾಧನವು ಮೆಲ್ಲನೆ ಕಂಪಿಸುತ್ತದೆ; ಆ ಕಂಪನವು ಅಲೆಯಾಗಿ ಹೃದಯದ ಗೋಡೆಯಲ್ಲಿ ಸಾಗುವುದನ್ನು ಎಂ.ಆರ್.ಐ. ಯಂತ್ರ ಚಿತ್ರಿಸುತ್ತದೆ. ಬಿಗಿಯಾದ ಅಂಗಾಂಶದಲ್ಲಿ ಅಲೆಯ ವೇಗ ಹೆಚ್ಚು, ಮೃದುವಾದುದರಲ್ಲಿ ಕಡಿಮೆ. ವೇಗದಿಂದ ಗಣಕವು ಬಿಗಿತವನ್ನು ಲೆಕ್ಕಹಾಕುತ್ತದೆ. ಸೂಜಿಯಿಲ್ಲ, ಕ್ಷ-ಕಿರಣವಿಲ್ಲ. ಮೇಯೋ ಕ್ಲಿನಿಕ್‌ನ ಮುತ್ತುಪಿಳ್ಳೈ, ಏಮನ್ ಮೊದಲಾದವರು 1995ರಲ್ಲಿ ಪ್ರಕಟಿಸಿದ ಈ ವಿಧಾನವು ಯಕೃತ್ತಿನ ಪರೀಕ್ಷೆಯಲ್ಲಿ ಈಗಾಗಲೇ ಬಳಕೆಯಲ್ಲಿದೆ. ಹೃದಯ ಮಾತ್ರ ಸುಲಭಕ್ಕೆ ಒಗ್ಗದು. ಅದು ಕ್ಷಣವೂ ನಿಲ್ಲುವುದಿಲ್ಲ, ಗೋಡೆ ತೆಳು, ಸ್ನಾಯುವಿನ ಎಳೆಗಳು ಪದರದಿಂದ ಪದರಕ್ಕೆ ದಿಕ್ಕು ಬದಲಿಸುತ್ತವೆ. ಆದುದರಿಂದ ಅದಿನ್ನೂ ಸಂಶೋಧನೆಯ ಹಂತದಲ್ಲಿದೆ. ನಾಳೆಯೇ ಮಾನಂತವಾಡಿಗೆ ಬರುವ ವಿದ್ಯೆಯಲ್ಲ.

ಇಂದು ಕೈಗೆಟಕುವುದು ರಕ್ತಪರೀಕ್ಷೆ, ಎಕೋ ಪರೀಕ್ಷೆ, ಹೈಡ್ರಾಕ್ಸಿಯೂರಿಯಾ ಔಷಧ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಅಭಿಯಾನವು 40 ವರ್ಷದೊಳಗಿನ 7 ಕೋಟಿ ಮಂದಿಯ ತಪಾಸಣೆಯ ಗುರಿ ಹೊಂದಿದೆ. ತಂದೆತಾಯಿಗಳಿಬ್ಬರೂ ವಾಹಕರಾಗಿದ್ದರೆ ಪ್ರತಿಯೊಂದು ಮಗುವಿಗೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು ಪಾಲು.

ಕಾನೂನಿನ ಮಾತೂ ಇದೆ. 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮದ ಅನುಸೂಚಿಯಲ್ಲಿ ಈ ಕಾಯಿಲೆ ಸೇರಿದೆ. ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವು ಪ್ರಮಾಣೀಕೃತವಾದರೆ ಸರಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳ ಶೇಕಡಾ 5ರ ಮೀಸಲು ಸ್ಥಾನಗಳಿಗೆ ಅರ್ಹತೆಯುಂಟು. ಆದರೆ ಸರಕಾರಿ ಉದ್ಯೋಗದ ಶೇಕಡಾ 4ರ ಮೀಸಲಾತಿಯ ಪಟ್ಟಿಯಲ್ಲಿ ರಕ್ತದ ಕಾಯಿಲೆಗಳ ಹೆಸರಿಲ್ಲ.