ತೆಳು ದಾರ, ಭಾರಿ ಮೀನು

15 ಕಿಲೋ ಭಾರಕ್ಕೆ ತುಂಡಾಗುವ ನೈಲಾನ್ ದಾರದಲ್ಲಿ 40 ಕಿಲೋ ತೂಗುವ ಮೀನನ್ನು ಹಿಡಿಯಬಹುದೇ? ಕಟ್ಟುಕತೆ ಎಂದು ನೀವು ನಕ್ಕರೆ ಆಶ್ಚರ್ಯವಿಲ್ಲ. ಆದರೆ ನಮ್ಮ ಮಂಡ್ಯ ಜಿಲ್ಲೆಯಲ್ಲೇ, ಮಳವಳ್ಳಿ ತಾಲ್ಲೂಕಿನ ಭೀಮೇಶ್ವರಿಯ ಬಳಿ ಕಾವೇರಿಯಲ್ಲಿ ಹವ್ಯಾಸಿ ಗಾಳಗಾರರು ಇಂಥ ಸಾಹಸವನ್ನು ವರ್ಷಗಟ್ಟಲೆ ನಡೆಸಿದ್ದರು. ಅವರು ಅರಸುತ್ತಿದ್ದುದು ಮಹಸೀರ್ ಮೀನನ್ನು. ಗಾಳಕ್ಕೆ ಸಿಕ್ಕಿಸುತ್ತಿದ್ದ ಎರೆ ನಮ್ಮ ಮನೆಯ ರಾಗಿ ಹಿಟ್ಟಿನದೇ ಉಂಡೆ!

ಬಾವಿಯಿಂದ ನೀರು ಸೇದಿದವರಿಗೆ ಇದರ ಗುಟ್ಟು ಅರ್ಧ ಗೊತ್ತಿರುತ್ತದೆ. ತುಂಬಿದ ಕೊಡ ನೀರಿನೊಳಗೆ ಇರುವಷ್ಟು ಹೊತ್ತು ಹಗುರ. ನೀರಿನಿಂದ ಮೇಲೆದ್ದೊಡನೆ ಹಗ್ಗ ಬಿಗಿಯುತ್ತದೆ. ಮೀನಿನ ಹೊಟ್ಟೆಯಲ್ಲಿ ಗಾಳಿಯ ಚೀಲವೊಂದಿದೆ. ಅದರಿಂದಾಗಿ ನೀರಿನಲ್ಲಿ ಅದರ ತೂಕ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಆದ್ದರಿಂದ ದಾರವು ತಡೆಯಬೇಕಾದದ್ದು ಮೀನಿನ ಭಾರವನ್ನಲ್ಲ. ಅದರ ಸೆಳೆತವನ್ನು ಮತ್ತು ಹೊಳೆಯ ರಭಸವನ್ನು.

ಸೆಳೆತ ಒಮ್ಮೆಲೇ ಬಿದ್ದರೆ ದಾರ ಉಳಿಯದು. ಕ್ರಿಕೆಟ್ ಚೆಂಡು ಹಿಡಿಯುವಾಗ ಕೈಗಳನ್ನು ಹಿಂದಕ್ಕೆ ಎಳೆದುಕೊಳ್ಳುತ್ತೇವಲ್ಲ, ಗಾಳದ ಕೋಲು ಬಾಗಿ ಅದೇ ಕೆಲಸ ಮಾಡುತ್ತದೆ. ಬುಡದಲ್ಲಿರುವ ರೀಲಿಗೆ ಒಂದು ಬ್ರೇಕು ಇರುತ್ತದೆ. ದಾರದ ಶಕ್ತಿಯ ಮೂರನೆಯ ಅಥವಾ ನಾಲ್ಕನೆಯ ಒಂದು ಪಾಲಿಗೆ ಅದನ್ನು ಹೊಂದಿಸುತ್ತಾರೆ. ಎಳೆತ ಅದಕ್ಕಿಂತ ಮಿಕ್ಕಿದರೆ ರೀಲು ತಿರುಗಿ ದಾರ ಬಿಟ್ಟುಕೊಡುತ್ತದೆ. ಮೀನು ಓಡುತ್ತದೆ, ದಣಿಯುತ್ತದೆ, ಹತ್ತಿರ ಬರುತ್ತದೆ. ಕಿರುತೆರೆಯಲ್ಲಿ ಬಾಗಿದ ಕೋಲನ್ನು ತೋರಿಸಬಹುದು, ಈ ಲೆಕ್ಕಾಚಾರವನ್ನು ತೋರಿಸುವುದು ಕಷ್ಟ.

ಹಾಗಾದರೆ ದಾರ ತೆಳುವಾದಷ್ಟೂ ಮೀನಿಗೆ ಒಳ್ಳೆಯದೇ? ಅಲ್ಲ. ದಾರ ತೆಳುವಾದಷ್ಟೂ ಸೆಣಸಾಟ ಲಂಬಿಸುತ್ತದೆ, ಮೀನಿನ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬುತ್ತದೆ. ಬಹಾಮಾಸ್ ದ್ವೀಪಗಳ ತಿಳಿಗಡಲಿನಲ್ಲಿ ಹಗುರ ಗಾಳದಿಂದ ಬೋನ್‌ಫಿಷ್ ಹಿಡಿದು ಬಿಡುವವರಿಗೆ ಇದು ಗೊತ್ತು. ದಣಿದ ಮೀನು ಶಾರ್ಕ್‌ಗಳ ಪಾಲಾಗುತ್ತದೆ. ಹಿಡಿದು ಬಿಡುವುದೆಂದರೆ ಬೇಗ ಹಿಡಿದು, ಕಿವಿರು ನೀರಿನಲ್ಲೇ ಇರುವಂತೆ ನೋಡಿಕೊಂಡು, ಚೇತರಿಸಿಕೊಂಡ ಮೇಲೆ ಬಿಡುವುದು.

ಹಾಗೆ ಬಿಡುವ ಮುನ್ನ ಗಾಳಗಾರರು ಮೀನನ್ನು ತೂಗಿ ಬರೆದಿಡುತ್ತಿದ್ದರು. ಈ ದಾಖಲೆಗಳೇ ಮುಂದೆ ವಿಜ್ಞಾನಕ್ಕೆ ಒದಗಿದವು. ಭೀಮೇಶ್ವರಿಯಿಂದ ಕೆಳಗೆ ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ 23,620 ಗಂಟೆಗಳ ಗಾಳದಲ್ಲಿ 6,161 ಮಹಸೀರ್‌ಗಳು ಸಿಕ್ಕಿದ್ದವು. ವರ್ಷ ಕಳೆದಂತೆ ಸಿಕ್ಕ ಮೀನುಗಳ ಸಂಖ್ಯೆ ಏರಿತು, ಸರಾಸರಿ ತೂಕ ಇಳಿಯಿತು. ಹೆಚ್ಚಿದ್ದು ನೀಲಿ ರೆಕ್ಕೆಯ ಮಹಸೀರ್. ಅದರ ಮರಿಗಳನ್ನು ಮಹಾರಾಷ್ಟ್ರದ ಲೋಣಾವಳದ ಮರಿ ಸಾಕಣೆ ಕೇಂದ್ರದಿಂದ ತಂದು ಹೊಳೆಗೆ ಬಿಟ್ಟಿದ್ದರು. ಕಾವೇರಿ ಕೊಳ್ಳದ್ದೇ ಆದ, ಕಿತ್ತಳೆ ರೆಕ್ಕೆಯ, ಡುಬ್ಬದ ಮಹಸೀರ್ ಮಾತ್ರ ಅಪರೂಪವಾಗುತ್ತ ಬಂದಿತ್ತು. 1946ರಲ್ಲಿ ಕಬಿನಿಯಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನ ದಾಖಲೆ ಮೀನು ಈ ಜಾತಿಯದೇ. 'ಮಹಸೀರ್ ಹೆಚ್ಚಾಗಿದೆ' ಎಂದು ಹಿಗ್ಗುತ್ತಿದ್ದಾಗಲೇ ನಮ್ಮ ಮಹಸೀರ್ ಕಾಣೆಯಾಗುತ್ತಿತ್ತು! ಇದು 'ಟಾರ್ ರೇಮಾದೇವಿ' ಎಂಬ ಜಾತಿಯೆಂದು ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೂ ಸೇರಿತು.

ಕಾವೇರಿ ವನ್ಯಧಾಮದೊಳಗೆ ಗಾಳದ ಹವ್ಯಾಸ ಈಗ ನಿಂತಿದೆ. ಅದರೊಂದಿಗೆ ಆ ಲೆಕ್ಕದ ಪುಸ್ತಕವೂ ಮುಚ್ಚಿತು. ಮೀನನ್ನು ಎಣಿಸುವವರಿಲ್ಲದಿದ್ದರೆ ಅದು ಉಳಿದಿದೆಯೋ ಇಲ್ಲವೋ ಎಂದು ತಿಳಿಯುವುದಾದರೂ ಹೇಗೆ? ಮದ್ದೂರಿನ ಶಿಂಷೆಯೂ ಬಂದು ಸೇರುವ ಹೊಳೆ ಇದು. ಮುಂದಿನ ಸಲ ನೀವು ಮುತ್ತತ್ತಿಯ ಆಂಜನೇಯನ ದರ್ಶನಕ್ಕೆ ಹೋದಾಗ ನೀರಿನ ಕಡೆಗೂ ಒಮ್ಮೆ ನೋಡಿ. ಯಾರಾದರೂ ಹೊಳೆಯಲ್ಲಿ ಸಿಡಿಮದ್ದು ಸಿಡಿಸಿ ಮೀನು ಹಿಡಿಯುವುದು ಕಂಡರೆ ಅರಣ್ಯ ಸಿಬ್ಬಂದಿಗೆ ತಿಳಿಸಲು ಮರೆಯಬೇಡಿ. ಗಾಳಕ್ಕೆ ಸಿಕ್ಕ ಮೀನನ್ನು ಮರಳಿ ಬಿಡಬಹುದು. ಮದ್ದಿಗೆ ಸಿಕ್ಕಿದ್ದನ್ನು, ಅದರ ಮರಿಗಳನ್ನೂ ಸೇರಿಸಿ, ಬಿಡಲಾಗದು.